ತೀರ್ಥಹಳ್ಳಿಯ ಗ್ಯಾರೇಜಿನ ಅಣ್ಣನಿಗೆ

ಹಳೇ ಬೈಕಿನ ಏರ್ ಫಿಲ್ಟರ್‌ನಿಂದ ಕಾರ್ಬ್ಯುರೇಟರ್‌ಗೆ ಹೋಗುವ ರಬ್ಬರ್ ಕೊಳವೆ ಕಲ್ಲಿನಂತಾಗಿ, ಬಾಯಿ ಸರಿಯಾಗಿ ಕೂರದೆ ಗಾಳಿ ಎಳೆಯುತ್ತಿತ್ತು. ಆ ಮಾಡೆಲ್ಲಿನ ಕೊಳವೆ ಶಿವಮೊಗ್ಗದಲ್ಲೂ ಸಿಗಲಿಲ್ಲ, ಮಳೆ ಬೇರೆ ಹಿಡಿದಿತ್ತು. ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೀವು ಟಾರ್ಚ್ ಹಿಡಿದು, ಕೊಳವೆಯನ್ನು ಮೆಲ್ಲಗೆ ಬಗ್ಗಿಸಿ ಮೊದಲು ಬಿರುಕು ಹುಡುಕಿದಿರಿ. ಬಿರುಕು ಬಿಟ್ಟ ರಬ್ಬರಿಗೆ ಮದ್ದಿಲ್ಲ. "ಗಟ್ಟಿಯಾಗಿದೆ ಅಷ್ಟೇ, ಬದುಕತ್ತೆ" ಅಂದಿರಲ್ಲ, ಆಗ ಜೀವ ಬಂತು.

ನಿಮ್ಮದೇ ಶೀಶೆಯಿಂದ, ನೋವಿನ ಮುಲಾಮಿಗೆ ಹಾಕುವ ವಿಂಟರ್‌ಗ್ರೀನ್ ಎಣ್ಣೆ ಬಗ್ಗಿಸಿಕೊಟ್ಟು ಹೇಳಿದ್ದು: ಸೋಪು ನೀರಲ್ಲಿ ತೊಳೆದು ಒಣಗಿಸಿ, 1 ಪಾಲು ಎಣ್ಣೆಗೆ 3 ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಸೇರಿಸಿ, ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಮುಳುಗಿಸಬೇಕು. ಆಲ್ಕೋಹಾಲ್ ಎಣ್ಣೆಯನ್ನು ಒಳಗೆ ಒಯ್ದು ತಾನು ಆರಿಹೋಗುತ್ತದೆ. ಎಣ್ಣೆ ಉಳಿದು ರಬ್ಬರನ್ನು ಮೆತ್ತಗೆ ಮಾಡುತ್ತದೆ. ಕೆಲವು ಗಂಟೆಗೊಮ್ಮೆ ಒತ್ತಿ ನೋಡಬೇಕು, ಹೆಚ್ಚು ಬಿಟ್ಟರೆ ಊದಿ ಅಳತೆ ಕೆಡುತ್ತದೆ. ಒಲೆ ಹತ್ತಿರ ಬೇಡ, ಮಕ್ಕಳ ಕೈಗಂತೂ ಬೇಡವೇ ಬೇಡ. ನೋವಿನ ಮುಲಾಮಿನ ವಾಸನೆಯಿದ್ದರೂ ಹೊಟ್ಟೆಗೆ ಹೋದರೆ ವಿಷ.

ಬ್ರೇಕಿನ ರಬ್ಬರಿಗೆ ಇದನ್ನು ಮಾಡಲೇಬಾರದು, ಹೊಸದೇ ಹಾಕಬೇಕು ಎಂದು ನೀವು ಎರಡು ಸಲ ಹೇಳಿದಿರಿ. ಸೀಮೆಎಣ್ಣೆಯನ್ನೂ ಬೇಡವೆಂದಿರಿ.

ಮೆತ್ತಗಾದ ಕೊಳವೆಯನ್ನು ಒರೆಸಿ, ಒಂದು ರಾತ್ರಿ ಆರಲು ಬಿಟ್ಟು, ಕ್ಲಾಂಪ್ ಬಿಗಿದೆ. ಬಾಯಿ ಸುತ್ತಲೂ ಕೂತಿದೆ, ಐಡ್ಲಿಂಗ್ ಒಂದೇ ಸಮ ಬರುತ್ತಿದೆ. ಎಣ್ಣೆ ಹಚ್ಚಿದ ರಬ್ಬರ್ ಮತ್ತೆ ಗಟ್ಟಿಯಾಗುತ್ತದೆ ಎಂದಿದ್ದಿರಿ, ಹೊಸ ಕೊಳವೆಯ ಹುಡುಕಾಟ ಬಿಟ್ಟಿಲ್ಲ. ತುಂಬಾ ಉಪಕಾರವಾಯಿತು, ಅಣ್ಣಾ.