ನಮ್ಮನ್ನು ದಿನಾ ಪರೀಕ್ಷೆಗೆ ಕೂರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಜಗತ್ತಿನ ಯಾವುದೋ ಮೂಲೆಯಲ್ಲಿ ಬಾಂಬ್ ಸಿಡಿದ ಸುದ್ದಿ ಬಂದರೆ ನನ್ನಂಥ ಮುಸ್ಲಿಮರ ಮನಸ್ಸಿಗೆ ಎರಡು ಯೋಚನೆ ಒಟ್ಟಿಗೇ ಬರುತ್ತವೆ. ಪಾಪ, ಎಷ್ಟು ಜನ ಸತ್ತರೋ ಅನ್ನುವುದು ಒಂದು. ಮಾಡಿದವನ ಹೆಸರು ನಮ್ಮವರ ಹೆಸರಿನಂತೆ ಇರದಿರಲಿ ದೇವರೇ ಅನ್ನುವುದು ಇನ್ನೊಂದು. ಯಾಕೆಂದರೆ ಬೆಳಗಾದರೆ ಕೆಲಸದ ಜಾಗದಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಯಾರಾದರೂ ಕೇಳೇ ಕೇಳುತ್ತಾರೆ, ನಿಮ್ಮವರು ಇದನ್ನು ಯಾಕೆ ಖಂಡಿಸುವುದಿಲ್ಲ ಅಂತ.

ಖಂಡಿಸಿದ್ದಾರೆ. 2014ರಲ್ಲಿ ಐಸಿಸ್ ಮುಖ್ಯಸ್ಥ ಬಗ್ದಾದಿ ತಾನೇ ಖಲೀಫ ಎಂದು ಹೇಳಿಕೊಂಡಾಗ, ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಇಸ್ಲಾಮಿ ವಿದ್ವಾಂಸರು ಅವನಿಗೆ ಬಹಿರಂಗ ಪತ್ರ ಬರೆದು, ಅವನು ಮಾಡುತ್ತಿರುವುದು ಧರ್ಮಕ್ಕೆ ವಿರುದ್ಧ ಎಂದು ಅದೇ ಕುರಾನ್, ಪ್ರವಾದಿಯವರ ನಡೆನುಡಿ ಹೇಳುವ ಅದೇ ಹದೀಸ್ ಮುಂದಿಟ್ಟು ತೋರಿಸಿದರು. 2022ರ ಡಿಸೆಂಬರಿನಲ್ಲಿ ತಾಲಿಬಾನ್ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದಾಗ ಇದು ಶರಿಯತ್‌ಗೆ ವಿರುದ್ಧ ಎಂದು ಹೇಳಿದವರು ಕೈರೋದ ಅಲ್ ಅಜ್ಹರ್‌ನ ಮುಖ್ಯ ಇಮಾಮರು. ಸಾವಿರ ವರ್ಷಕ್ಕೂ ಹಳೆಯ ವಿದ್ಯಾಕೇಂದ್ರ ಅದು, ಸುನ್ನಿ ಜಗತ್ತಿನಲ್ಲಿ ಅದರ ಮಾತಿಗೆ ತೂಕವಿದೆ. ತಾಲಿಬಾನಿನ ಆದೇಶ ಎಲ್ಲರಿಗೂ ನೆನಪಿದೆ. ಇಮಾಮರ ಮಾತು ಎಷ್ಟು ಜನಕ್ಕೆ ನೆನಪಿದೆ?

ಸತ್ತವರು ಯಾರು ಅನ್ನುವುದನ್ನಾದರೂ ನೋಡಬೇಕಲ್ವಾ. 2014ರಲ್ಲಿ ಪಾಕಿಸ್ತಾನದ ಪೆಶಾವರದ ಶಾಲೆಗೆ ನುಗ್ಗಿದ ಉಗ್ರರು 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. 2017ರಲ್ಲಿ ಈಜಿಪ್ಟಿನ ಸಿನಾಯ್‌ನಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಗುಂಡು ಹಾರಿಸಿ 300ಕ್ಕೂ ಹೆಚ್ಚು ಜನರನ್ನು ಕೊಂದರು. ಆ ಮನೆಗಳವರ ಹತ್ತಿರ ಹೋಗಿ, ನೀವು ಖಂಡಿಸುತ್ತೀರಾ ಅಂತ ಕೇಳಲು ಯಾರಿಗಾದರೂ ಬಾಯಿ ಬರುತ್ತದಾ? ಇನ್ನು ಈ ಸಿಟ್ಟು ಯಾರ ಮೇಲೆ ತಿರುಗುತ್ತದೆ ಅನ್ನುವುದಕ್ಕೂ ಲೆಕ್ಕವಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ನಾಲ್ಕೇ ದಿನಕ್ಕೆ ಅಮೆರಿಕದ ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಗುಂಡಿಟ್ಟು ಕೊಂದರು. ಅವರು ಸಿಖ್ಖರು. ಪೇಟ, ಗಡ್ಡ ಕಂಡಿತು, ಅಷ್ಟೇ ಸಾಕಾಯಿತು. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಲ್ಲಿ 51 ಜನ ಸತ್ತರು. ಕೊಂದವನು ಬಿಳಿಯ. ಆಮೇಲೆ ಯಾವ ಬಿಳಿಯನನ್ನೂ ನಿಲ್ಲಿಸಿ ಇದರ ಬಗ್ಗೆ ನಿನ್ನ ನಿಲುವೇನು ಎಂದು ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ನಮಗೂ ಅಷ್ಟೇ ಬೇಕಿರುವುದು.

ಜಗತ್ತಿನಲ್ಲಿ ಹತ್ತಿರ ಹತ್ತಿರ 200 ಕೋಟಿ ಮುಸ್ಲಿಮರಿದ್ದಾರೆ, ನಾಲ್ವರಲ್ಲಿ ಒಬ್ಬರು ಅಂದುಕೊಳ್ಳಿ. ಅವರಲ್ಲಿ ಅರಬ್ಬರು ಸುಮಾರು ಐದನೇ ಒಂದು ಭಾಗ ಮಾತ್ರ. ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾ ಅರಬ್ ದೇಶವೇ ಅಲ್ಲ. ಆದರೂ ಮುಸ್ಲಿಂ ಅಂದ ಕೂಡಲೇ ಮರಳುಗಾಡು, ಒಂಟೆ, ಕಪ್ಪು ಬುರ್ಖಾ ಕಣ್ಣ ಮುಂದೆ ಬರುತ್ತದೆ. ಸೌದಿ ಅರೇಬಿಯಾದಲ್ಲಿ ಹೆಂಗಸರಿಗೆ ಕಾರು ಓಡಿಸಲು ಅನುಮತಿ ಸಿಕ್ಕಿದ್ದು 2018ರಲ್ಲಿ, ನಿಜ, ಅದು ತೀರಾ ತಡ. ಆದರೆ ಅದಕ್ಕೆ 30 ವರ್ಷ ಮೊದಲೇ, 1988ರಲ್ಲಿ, ಪಾಕಿಸ್ತಾನದಲ್ಲಿ ಬೆನಜೀರ್ ಭುಟ್ಟೊ ಪ್ರಧಾನಿಯಾಗಿದ್ದರು. ಬಾಂಗ್ಲಾದೇಶ, ಟರ್ಕಿ, ಇಂಡೋನೇಷ್ಯಾಗಳನ್ನೂ ಹೆಂಗಸರು ಆಳಿದ್ದಾರೆ. ಇಷ್ಟು ದೊಡ್ಡ ಜನಸಮೂಹದ ಬಗ್ಗೆ "ಮುಸ್ಲಿಂ ಮಹಿಳೆ ಹೀಗೆ" ಎಂದು ಒಂದೇ ಸಾಲಿನಲ್ಲಿ ಬರೆಯುವವರಿಗೆ ಎಲ್ಲಿಂದ ಬರುತ್ತದೋ ಆ ಧೈರ್ಯ.

ಹೆಂಗಸರ ಮಾತು ಬಂದ ಮೇಲೆ ಹಿಜಾಬ್ ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಇರಾನಿನ ಕಥೆಯನ್ನೇ ನೋಡಿ. 1936ರಲ್ಲಿ ರೆಜಾ ಶಾ ದೇಶವನ್ನು ಆಧುನಿಕ ಮಾಡುತ್ತೇನೆ ಎಂದು ಹೊರಟು ಪರದೆಯನ್ನು ನಿಷೇಧಿಸಿದ. ಪೊಲೀಸರು ಬೀದಿಯಲ್ಲಿ ಹೆಂಗಸರ ತಲೆಯ ಬಟ್ಟೆ ಕಿತ್ತು ಹಾಕುತ್ತಿದ್ದರು, ಎಷ್ಟೋ ಜನ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. 1979ರಲ್ಲಿ ಕ್ರಾಂತಿ ಆಗಿ ಧರ್ಮಗುರುಗಳ ಕೈಗೆ ಅಧಿಕಾರ ಬಂತು. ತಲೆ ಮುಚ್ಚಲೇಬೇಕು ಎಂಬ ಮಾತು ಕೇಳಿದ್ದೇ ತಡ, ಆ ಮಾರ್ಚ್ ತಿಂಗಳಲ್ಲೇ ಸಾವಿರಾರು ಹೆಂಗಸರು ಟೆಹ್ರಾನಿನ ಬೀದಿಗಿಳಿದರು. ಯಾರೂ ಕೇಳಲಿಲ್ಲ, 1983ರಲ್ಲಿ ಅದು ಕಾನೂನೇ ಆಯಿತು. 2022ರಲ್ಲಿ ಹಿಜಾಬ್ ಸರಿಯಾಗಿ ಹಾಕಿಲ್ಲ ಎಂದು ಹಿಡಿದುಕೊಂಡು ಹೋದ 22 ವರ್ಷದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗಲೇ ಪ್ರಜ್ಞೆ ತಪ್ಪಿ ಬಿದ್ದು ತೀರಿಕೊಂಡಳು. ಒಂದೇ ದೇಶ, ಒಂದು ಶತಮಾನವೂ ಆಗಿಲ್ಲ, ಒಂದು ಸರ್ಕಾರ ಅಜ್ಜಿಯ ತಲೆಯಿಂದ ಬಟ್ಟೆ ಕಿತ್ತರೆ, ಇನ್ನೊಂದು ಸರ್ಕಾರ ಮೊಮ್ಮಗಳ ತಲೆಗೆ ಅದನ್ನು ಬಲವಂತವಾಗಿ ಕಟ್ಟಿತು.

ಟರ್ಕಿಯಲ್ಲಿ 1999ರಲ್ಲಿ ಜನರಿಂದ ಗೆದ್ದು ಬಂದ ಮೆರ್ವೆ ಕವಾಕ್ಚಿ ಸ್ಕಾರ್ಫ್ ಹಾಕಿದ್ದಕ್ಕೆ ಸಂಸತ್ತಿನಲ್ಲಿ ಕೂಗಾಡಿ ಪ್ರಮಾಣವಚನ ತೆಗೆದುಕೊಳ್ಳಲು ಬಿಡಲಿಲ್ಲ. ಫ್ರಾನ್ಸ್ 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನೆಲ್ಲ ನಿಷೇಧಿಸಿತು, ಅದರಲ್ಲಿ ಸಿಖ್ ಹುಡುಗರ ಪೇಟವೂ ಹೋಯಿತು. ಹಿಜಾಬ್ ಹಾಕುವವರು, ಹಾಕದವರು ಇಬ್ಬರೂ ನಮ್ಮ ಮನೆಗಳಲ್ಲೇ ಇದ್ದಾರೆ, ಒಂದೇ ಮನೆಯಲ್ಲಿ ಅಕ್ಕ ಹಾಕುತ್ತಾಳೆ ತಂಗಿ ಹಾಕುವುದಿಲ್ಲ ಅನ್ನುವುದೂ ಇದೆ. ಇಬ್ಬರಿಗೂ ತಮ್ಮ ತಲೆಯ ಮೇಲೆ ಏನಿರಬೇಕು ಅನ್ನುವುದು ಗೊತ್ತು. ಬೇಕು ಎಂದು ಕಾನೂನು ಮಾಡುವವರು, ಬೇಡ ಎಂದು ಕಾನೂನು ಮಾಡುವವರು ಇಬ್ಬರೂ ಕೇಳದೇ ಬಿಟ್ಟಿದ್ದು ಆ ಹೆಣ್ಣುಮಕ್ಕಳನ್ನೇ.

ಇಷ್ಟೆಲ್ಲ ಹೇಳಿ ನಮ್ಮವರನ್ನು ಬಿಟ್ಟುಬಿಟ್ಟರೆ ಅದು ಪ್ರಾಮಾಣಿಕವಾಗುವುದಿಲ್ಲ. ಹೊರಗಿನವರು ನೀನು ಜಾಸ್ತಿ ಮುಸ್ಲಿಮನಾ ಅಂತ ಪರೀಕ್ಷೆ ಮಾಡುತ್ತಾರೆ, ಒಳಗಿನವರು ನೀನು ಸಾಕಷ್ಟು ಮುಸ್ಲಿಮನಾ ಅಂತ. ಅವನು ನಮಾಜ್ ಮಾಡುವುದಿಲ್ಲ, ಅವಳು ಹಾಡುತ್ತಾಳೆ, ಅವರ ಪಂಗಡವೇ ಸರಿಯಿಲ್ಲ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಅಂದರೆ, ವಿಜ್ಞಾನಿ ಅಬ್ದುಸ್ ಸಲಾಂ ಅವರ ಗೋರಿಯ ತನಕ. 1979ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಅವರು ಆ ಸಮಾರಂಭಕ್ಕೆ ಪೇಟ, ಶೇರ್ವಾನಿ ತೊಟ್ಟು ಹೋಗಿ, ಔತಣಕೂಟದ ಭಾಷಣದಲ್ಲಿ ಕುರಾನಿನ ಸಾಲುಗಳನ್ನು ಹೇಳಿದವರು. ಆದರೆ ಅವರು ಅಹ್ಮದಿಯಾ ಪಂಗಡದವರು, ಅವರ ದೇಶ ಪಾಕಿಸ್ತಾನ 1974ರಲ್ಲೇ ಸಂವಿಧಾನ ತಿದ್ದಿ ಅಹ್ಮದಿಯಾಗಳು ಮುಸ್ಲಿಮರಲ್ಲ ಎಂದು ಬರೆದಿತ್ತು. 1996ರಲ್ಲಿ ಅವರು ತೀರಿಕೊಂಡ ಮೇಲೆ ಗೋರಿಕಲ್ಲಿನ ಮೇಲಿದ್ದ "ಮುಸ್ಲಿಂ" ಎಂಬ ಪದವನ್ನೇ ಅಳಿಸಿದರು. ಸತ್ತ ಮನುಷ್ಯನ ನಂಬಿಕೆಯನ್ನೂ ಬಿಡಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಹಿರಿಯರು ಹೀಗಿರಲಿಲ್ಲ. ಸುನ್ನಿಗಳಲ್ಲೇ ಹನಫಿ, ಶಾಫಿ, ಮಾಲಿಕಿ, ಹಂಬಲಿ ಎಂದು ನಾಲ್ಕು ಮದ್‌ಹಬ್‌ಗಳಿವೆ, ಅಂದರೆ ಧರ್ಮಶಾಸ್ತ್ರದ ನಾಲ್ಕು ಪಂಥಗಳು, ನಮಾಜಿನಲ್ಲಿ ಕೈ ಎಲ್ಲಿ ಕಟ್ಟಬೇಕು ಅನ್ನುವುದರಲ್ಲೇ ಒಬ್ಬೊಬ್ಬರದು ಒಂದೊಂದು ಮಾತು. ಇಮಾಮ್ ಮಾಲಿಕರ ಗ್ರಂಥವನ್ನೇ ಇಡೀ ರಾಜ್ಯಕ್ಕೆ ಕಾನೂನು ಮಾಡುತ್ತೇನೆ ಎಂದು ಅಬ್ಬಾಸಿ ಖಲೀಫ ಹೇಳಿದಾಗ ಮಾಲಿಕರೇ ಬೇಡ ಅಂದರು, ಬೇರೆ ಬೇರೆ ಊರಿನ ಜನಕ್ಕೆ ಬೇರೆ ಬೇರೆ ತಿಳಿವಳಿಕೆ ಸಿಕ್ಕಿದೆ, ಅವರನ್ನು ಅವರ ಪಾಡಿಗೆ ಬಿಡಿ ಅಂದರು ಎಂಬ ಪ್ರಸಂಗ ಹಳೆಯ ಗ್ರಂಥಗಳಲ್ಲಿ ಬರುತ್ತದೆ. ತನ್ನ ಪುಸ್ತಕವೇ ಕಾನೂನಾಗುವುದನ್ನು ಬೇಡ ಅಂದ ಮನುಷ್ಯ! ಇವತ್ತು ಯೂಟ್ಯೂಬಿನಲ್ಲಿ ಕೂತು ಕಂಡಕಂಡವರನ್ನು ಕಾಫಿರ್ ಅನ್ನುವವರು ಈ ಪ್ರಸಂಗವನ್ನು ಯಾಕೆ ಹೇಳುವುದಿಲ್ಲ?

ಪತ್ರಿಕೆಯಿಂದ ನಾನು ಕೇಳುವುದು ದೊಡ್ಡದೇನಲ್ಲ. ಮುಸ್ಲಿಮರ ಶಿಕ್ಷಣದ ಸುದ್ದಿಗೂ ಮತದಾನದ ಸುದ್ದಿಗೂ ಅದೇ ಟೋಪಿ, ಅದೇ ಬುರ್ಖಾ ಚಿತ್ರ ಹಾಕಬೇಡಿ. ಅಪರಾಧಕ್ಕೂ ಧರ್ಮಕ್ಕೂ ಸಂಬಂಧವಿಲ್ಲದಾಗ ಆರೋಪಿಯ ಧರ್ಮವನ್ನು ಶೀರ್ಷಿಕೆಗೆ ತರಬೇಡಿ, ಸಂಬಂಧವಿದ್ದರೆ ಖಂಡಿತ ಬರೆಯಿರಿ, ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಚರ್ಚೆ ಅಂದರೆ ಒಬ್ಬ ಸಿಟ್ಟಿನ ಮೌಲ್ವಿ, ಅವರ ಎದುರಿಗೆ ಇಸ್ಲಾಂ ಅಂದರೆ ಸಿಡಿಮಿಡಿ ಅನ್ನುವ ಇನ್ನೊಬ್ಬರು, ಇಷ್ಟೇ ಆಗಿಬಿಟ್ಟಿದೆ. ಈ ಇಬ್ಬರ ನಡುವೆ ಇರುವ ಕೋಟ್ಯಂತರ ಜನರಲ್ಲಿ ಒಬ್ಬರನ್ನಾದರೂ ಕರೆದು ಮಾತಾಡಿಸಿ. ಹಾಗೆ ಕರೆದಾಗ ಧರ್ಮದ ಬಗ್ಗೆಯೇ ಕೇಳಬೇಕೆಂದಿಲ್ಲ. ಮುಸ್ಲಿಂ ವೈದ್ಯೆಯೊಬ್ಬರನ್ನು ಮಕ್ಕಳ ಜ್ವರದ ಬಗ್ಗೆ ಕೇಳಿ, ಲೆಕ್ಕದ ಮೇಷ್ಟರನ್ನು ಪರೀಕ್ಷೆಯ ಬಗ್ಗೆ ಕೇಳಿ, ಅವರ ಹೆಸರು ಹಾಕಿ ಉತ್ತರ ಛಾಪಿಸಿ.

ಇತಿ,
ನಿಮ್ಮ ಓದುಗ