ಅಭ್ಯಾಸ ಪಾಠ ಎರಡು ಕೊಠಡಿಯ ಶಾಲೆಯಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಡಿಗ್ರಿ ಮುಗಿಸಿ ಬಿ.ಎಡ್. ಮಾಡಿದರೆ ಪ್ರೈಮರಿ ಶಾಲೆಗೆ ಟೀಚರ್ ಆಗಬಹುದೆಂಬ ಲೆಕ್ಕಾಚಾರ ನಮ್ಮ ಜಿಲ್ಲೆಗಳ ಪೋಷಕರಲ್ಲಿ ಇನ್ನೂ ಇದೆ. 1ರಿಂದ 5ನೇ ತರಗತಿಗೆ ಅದು ನಡೆಯುವುದಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಸದ್ಯಕ್ಕೆ ಪಿಯುಸಿ ನಂತರ ಎರಡು ವರ್ಷದ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಡಿ.ಎಲ್.ಎಡ್., ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಮೊದಲ ಪತ್ರಿಕೆ (150ಕ್ಕೆ 90 ಅಂಕ, ಕೆಲವು ಮೀಸಲು ವರ್ಗಗಳಿಗೆ ರಿಯಾಯಿತಿ) ಬೇಕು. ಮುಂದೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಪದವಿಯೇ (ಪದವಿ, ಶಿಕ್ಷಕ ತರಬೇತಿ ಎರಡೂ ಒಂದರಲ್ಲೇ) ಕನಿಷ್ಠ ಅರ್ಹತೆ ಆಗಬೇಕೆಂದು 2020ರ ಶಿಕ್ಷಣ ನೀತಿ ಹೇಳುತ್ತದೆ.

ಪದವಿ ಬರಲಿ, ಸಂತೋಷ. ಆದರೆ ವಿದ್ಯಾರ್ಥಿ ಶಿಕ್ಷಕರು ಅಭ್ಯಾಸ ಪಾಠ ಮಾಡುವುದು ಎಲ್ಲಿ? ಹಾಸ್ಟೆಲ್‌ಗೆ ಹತ್ತಿರ, ಬಸ್ಸಿಗೆ ಅನುಕೂಲ ಎಂದು ಪೇಟೆಯ ಶಾಲೆಗೆ ಕಳಿಸಿದರೆ ಅಲ್ಲಿ ಒಂದು ತರಗತಿಗೊಂದು ಕೊಠಡಿ, 40 ನಿಮಿಷದ ಒಂದು ಪಾಠಯೋಜನೆ. ಕೆಲಸ ಸಿಗುವುದು ಮೂಡಿಗೆರೆಯಲ್ಲೋ ಸಕಲೇಶಪುರದ ಒಳಗಿನ ಹಳ್ಳಿಯಲ್ಲೋ. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ತರಗತಿ ಮಾತ್ರ ಐದು. ಒಂದರಿಂದ ಮೂರು ನಲಿ-ಕಲಿ ಕೊಠಡಿಗೆ (ಮೂರೂ ತರಗತಿಯವರು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲು ಏರುವ ಚಟುವಟಿಕೆ ಪದ್ಧತಿ), ನಾಲ್ಕು-ಐದು ಪಕ್ಕದ ಕೊಠಡಿಗೆ.

ಎಡವಟ್ಟಾಗುವುದು ಈ ಪಕ್ಕದ ಕೊಠಡಿಯಲ್ಲೇ. ನಾಲ್ಕನೆಯವರಿಗೆ ಭಾಗಾಕಾರ ಹೇಳುವಾಗ ಐದನೆಯವರಿಗೆ ‘ಪುಟ ನೋಡಿ ಬರೀರಿ’ ಎಂದರೆ ಐದೇ ನಿಮಿಷಕ್ಕೆ ಮುಗಿಯುತ್ತದೆ; ಉಳಿದ ಹೊತ್ತು ಗಲಾಟೆ. ಟೀಚರನ್ನು ಕೇಳದೆ ಮಾಡುವಂತಿರಬೇಕು, ಸರಿಯೋ ತಪ್ಪೋ ಮಕ್ಕಳಿಗೇ ಗೊತ್ತಾಗಬೇಕು, 15 ನಿಮಿಷ ಹಿಡಿಸಬೇಕು: ಅಂಥ ಕೆಲಸ ಹುಡುಕುವುದೇ ಅರ್ಧ ತಯಾರಿ. 23 ಹುಣಸೆ ಬೀಜ ಕೊಟ್ಟು 2ರಿಂದ 6ರವರೆಗೆ ಒಂದೊಂದು ಸಂಖ್ಯೆಯಿಂದಲೂ ಭಾಗಿಸಿ, ಶೇಷ ಬರೆದು, ಗುಣಿಸಿ-ಕೂಡಿ ಮತ್ತೆ 23 ಬರುತ್ತದೆಯೇ ನೋಡಿ ಎಂದರೆ ಸಾಕು, ಐದನೆಯವರು ತಲೆ ಎತ್ತುವುದಿಲ್ಲ. ಅಷ್ಟರಲ್ಲಿ ನಾಲ್ಕನೆಯವರ ಪಾಠ ಮುಗಿಸಿ ಗುಂಪು ಬದಲಿಸಬಹುದು. ಇದು ಉಪನ್ಯಾಸ ಕೇಳಿ ಬರುವ ವಿದ್ಯೆಯಲ್ಲ.

ಇನ್ನು ಮಳೆಗಾಲದ ಗೈರುಹಾಜರಿ, ಕಾಫಿ ಕೊಯ್ಲಿಗೆ ಬಂದು ಹೋಗುವ ಕುಟುಂಬಗಳ ಮಕ್ಕಳು. ಮೂರು ವಾರ ಬಿಟ್ಟು ಬಂದ ಮಗು ನಲಿ-ಕಲಿಯಲ್ಲಿ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸುವ ‘ಪ್ರಗತಿ ನೋಟ’ವನ್ನು ದಿನವೂ ತುಂಬಿದ್ದರೆ ಮಾತ್ರ. ತಿಂಗಳ ಕೊನೆಯಲ್ಲಿ ಒಟ್ಟಿಗೆ ತುಂಬುವ ಅಭ್ಯಾಸ (ಎಲ್ಲರಿಗೂ ಗೊತ್ತಿರುವುದೇ) ಆ ಮಗುವನ್ನು ತಪ್ಪು ಮೆಟ್ಟಿಲಲ್ಲಿ ಕೂರಿಸುತ್ತದೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯಂತೆ ಡಿ.ಎಲ್.ಎಡ್.ಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ. ಅದರಲ್ಲಿ ಆರು ವಾರವನ್ನಾದರೂ ಸತತವಾಗಿ, ಇಬ್ಬಿಬ್ಬರಂತೆ, ಇಂಥ ಶಾಲೆಗಳಲ್ಲಿ ನಡೆಸಲಿ. ಹೊಸ ಪದವಿಗೂ ಇದೇ ಕ್ರಮ ಇರಲಿ. ಎರಡು ತರಗತಿಯ ಒಂದೇ ಪಾಠಯೋಜನೆಗೆ ಅಂಕ ಇಡಲಿ. ಮೇಲ್ವಿಚಾರಕರ ಪ್ರಯಾಣಭತ್ಯೆಯನ್ನೂ ಆಗಲೇ ನಿಗದಿ ಮಾಡಬೇಕು. ಇಲ್ಲದಿದ್ದರೆ ಆ ಬಸ್ಸು ಯಾರೂ ಹತ್ತುವುದಿಲ್ಲ.

– ಶಿಕ್ಷಕ ತರಬೇತಿ ಉಪನ್ಯಾಸಕರು, ಹಾಸನ