ಅಪ್ಪಯ್ಯನ ಕಾಲಿಗೆ ಡ್ರೆಸಿಂಗ್ ಮಾಡಿದ ಸಿಸ್ಟರ್‌ಗೆ

ಸಿಸ್ಟರ್, ಹೆಸರು ಕೇಳಿದರೆ ನಕ್ಕು ಮುಂದಿನ ಬೆಡ್‌ಗೆ ಹೋಗಿಬಿಟ್ಟಿರಿ. ತೀರ್ಥಹಳ್ಳಿ ಕಡೆಯವರು ಅಂತ ಮಾತಿನಲ್ಲೇ ಗೊತ್ತಾಯಿತು, ಅಷ್ಟೇ.

ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ಅಡಿಕೆ ತೋಟದಲ್ಲಿ ಅಂಗಾಲಿಗೆ ಏನೋ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮಳೆಗಾಲ ಬೇರೆ, ಗಾಯ ಮಾಯುವ ಲಕ್ಷಣವೇ ಇರಲಿಲ್ಲ. ನೀವು ಬ್ಯಾಂಡೇಜ್ ಬಿಚ್ಚಿ ಮೊದಲು ವಾಸನೆ ನೋಡಿದಿರಿ. ಆಮೇಲೆ ಸುತ್ತಲಿನ ಚರ್ಮ ಮುಟ್ಟಿ, ಬಿಸಿ ಇದೆಯಾ ಅಂತ ನೋಡಿದಿರಿ. ಸಲೈನ್‌ನಲ್ಲಿ ತೊಳೆದಿರಿ, ಉಜ್ಜಲಿಲ್ಲ. ‘ಪೂರ್ತಿ ಒಣಗಿಸಬೇಡಿ, ಸ್ವಲ್ಪ ಹಸಿ ಇದ್ದರೇನೇ ಹೊಸ ಚರ್ಮ ಬೇಗ ಬರೋದು. ಆದ್ರೆ ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗಬಾರದು’ ಅಂದಿರಿ. ಜಾರ್ಜ್ ವಿಂಟರ್ ಎಂಬ ಸಂಶೋಧಕರು ಇದನ್ನು 1962ರಲ್ಲೇ ಹಂದಿಗಳ ಗಾಯದ ಮೇಲೆ ತೋರಿಸಿದ್ದರು. ನಮ್ಮೂರಲ್ಲಿ ಇನ್ನೂ ಗಾಯಕ್ಕೆ ಗಾಳಿ ಆಡಲಿ ಅಂತಲೇ ಹೇಳುತ್ತಾರೆ.

ಬೇರೆಯವರು ಮುಲಾಮು ಬರೆದು ಕಳಿಸಿದ್ದರು. ನೀವು ಕೇಳಿದ್ದೇ ಬೇರೆ: ಶುಗರ್ ಎಷ್ಟಿದೆ, ಬೀಡಿ ಬಿಟ್ಟಿದಾರಾ, ಮೊಟ್ಟೆ, ಬೇಳೆ ತಿಂತಾರಾ, ಆ ಕಾಲೂರಿ ಓಡಾಡ್ತಾರಾ? ಬೀಡಿ ಸೇದಿದರೆ ರಕ್ತನಾಳ ಬಿಗಿಯುತ್ತೆ, ಪಾದಕ್ಕೆ ರಕ್ತ ಸರಿಯಾಗಿ ಹೋಗಲ್ಲ ಅಂತ ಅಪ್ಪಯ್ಯನಿಗೇ ನೇರವಾಗಿ ಹೇಳಿದಿರಿ. ನಾವು ಹೇಳಿದರೆ ಸಿಟ್ಟಾಗುವವರು ನಿಮ್ಮೆದುರು ಸುಮ್ನೆ ತಲೆ ಆಡಿಸಿದರು! ಹೊಗೆಸೊಪ್ಪಿನ ಮಾತು ಬಂದಾಗ ಮಾತ್ರ ಕಿವಿ ಕೇಳಲಿಲ್ಲ, ಬಿಡಿ.

ಗಾಯ ಕೂಡಿದೆ. ಬರಿಗಾಲಲ್ಲಿ ತೋಟಕ್ಕೆ ಹೋಗೋದು ಬಂದ್. ದಿನಾ ರಾತ್ರಿ ಅಮ್ಮ ಬೆರಳ ಸಂದಿಯವರೆಗೂ ಟಾರ್ಚ್ ಹಾಕಿ ನೋಡುತ್ತಾರೆ. ತುಂಬಾ ಧನ್ಯವಾದ ಸಿಸ್ಟರ್. ಅಡಿಕೆ ಕೊನೆ ಕೊಯ್ಲಿನ ಸಮಯಕ್ಕೆ ಮನೆಗೆ ಬನ್ನಿ, ಕಡುಬು ಮಾಡುತ್ತೇವೆ.